ಅಪ್‌ಡೇಟ್: ಭತ್ತದ ಹುಲ್ಲಿನ ರೋಲ್ ಬಿಚ್ಚಿ ನೋಡಿದೆ

ಹೋದ ವಾರ ಕೇಳಿದ್ದೆನಲ್ಲ, ಭತ್ತದ ಹುಲ್ಲಿನ ರೋಲ್ ಒಂದಕ್ಕೆ 200 ರೂಪಾಯಿ ಹೇಳುತ್ತಿದ್ದಾರೆ, ತಗೊಳ್ಳಬಹುದಾ ಅಂತ. ತೂಕ ಹಾಕಿ, ಒಂದನ್ನು ಬಿಚ್ಚಿ ನೋಡಿ ಅಂದಿದ್ದಿರಿ. ಹಾಗೇ ಮಾಡಿದೆ.

ನೋಡೋಕೆ ಎಲ್ಲಾ ಒಂದೇ ಗಾತ್ರ. ತೂಕಕ್ಕಿಟ್ಟರೆ ಒಂದು 11 ಕೆಜಿ, ಇನ್ನೊಂದು 16. ಅಂದರೆ ಕೆಜಿಗೆ ಒಂದರಲ್ಲಿ 18 ರೂಪಾಯಿ, ಇನ್ನೊಂದರಲ್ಲಿ ಹನ್ನೆರಡೂವರೆ. ಭಾರದ್ದೇ ಲಾಭ ಅಂದುಕೊಂಡು ಅದರ ದಾರ ಕೊಯ್ದೆ. ಮೇಲೆ ಹೊಂಬಣ್ಣ, ಒಳಗೆ ಕೈ ಹಾಕಿದರೆ ಬೆಚ್ಚಗಿತ್ತು, ನಡುವಿನ ಹುಲ್ಲು ಕಪ್ಪಗಾಗಿ ಒಂದಕ್ಕೊಂದು ಅಂಟಿತ್ತು, ಕೊಡವಿದಾಗ ಬಿಳಿ ಧೂಳು ಎದ್ದು ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಸರಿಯಾಗಿ ಒಣಗುವ ಮೊದಲೇ ಸುತ್ತಿದ್ದಾರೆ. ಆ ತೂಕದಲ್ಲಿ ನೀರಿಗೂ ದುಡ್ಡು ಕೊಟ್ಟ ಹಾಗೆ ಅಲ್ವಾ!

ನಮ್ಮ ಹಸು ಏಳು ತಿಂಗಳ ಗಬ್ಬ. ಬೂಷ್ಟು ಹಿಡಿದ ಹುಲ್ಲಿನಿಂದ ಗರ್ಭ ಹೋಗಬಹುದು ಅಂತ ಡಾಕ್ಟರೂ ಹೇಳಿದರು. ಬೇಡ ಅಂದುಬಿಟ್ಟೆ.

ಪಕ್ಕದ ಊರಲ್ಲಿ 40 ರೋಲ್ ತಗೊಂಡೆ, ಕೆಜಿ ಲೆಕ್ಕದಲ್ಲಿ. ಕಡ್ಡಿ ಮುರಿದರೆ ಪಟ್ ಅನ್ನುತ್ತದೆ, ಇನ್ನೂ ಸ್ವಲ್ಪ ಹಸಿರು ಇದೆ. ಕೆಳಗೆ ಹಲಗೆ ಹಾಕಿ ಜೋಡಿಸಿದ್ದೇನೆ. ನಿನ್ನೆ ರಾತ್ರಿ ಹಾಕಿದ್ದರಲ್ಲಿ ಬೆಳಿಗ್ಗೆ ಗೋದಲೆಯಲ್ಲಿ ಒಂದು ಎಳೆಯೂ ಉಳಿದಿರಲಿಲ್ಲ.