ಸಹಾಯ ಬೇಕು: ಆವರ್ತಕ ಕೋಷ್ಟಕದ ಆ ಮೆಟ್ಟಿಲು ಗೆರೆ ಓರೆಯಾಗಿ ಇಳಿಯುವುದು ಯಾಕೆ?

ಕೆಮಿಸ್ಟ್ರಿ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಎಡಕ್ಕೆ ಲೋಹ, ಬಲಕ್ಕೆ ಅಲೋಹ, ನಡುವೆ ಬೋರಾನ್ ಹತ್ತಿರ ಶುರುವಾಗಿ ಕೆಳಗೆ ಅಸ್ಟಟೈನ್ ಕಡೆಗೆ ಮೆಟ್ಟಿಲಿನ ಹಾಗೆ ಇಳಿಯುವ ಗೆರೆ, ಇಷ್ಟು ಎಲ್ಲರಿಗೂ ಗೊತ್ತು. ನನ್ನ ತಲೆನೋವು ಆ ಗೆರೆ ನೇರವಾಗಿ ಯಾಕಿಲ್ಲ ಅನ್ನುವುದು. 14ನೇ ಗುಂಪನ್ನೇ ನೋಡಿ. ಮೇಲೆ ಕಾರ್ಬನ್ ಅಲೋಹ, ಸಿಲಿಕಾನ್ ಮತ್ತು ಜರ್ಮೇನಿಯಮ್ ಲೋಹಾಭ (ಲೋಹ, ಅಲೋಹ ಎರಡರ ಗುಣವೂ ಸ್ವಲ್ಪ ಸ್ವಲ್ಪ ಇರುವವು), ಕೆಳಗೆ ತವರ, ಸೀಸ ಪಕ್ಕಾ ಲೋಹ. ಒಂದೇ ಗುಂಪು, ಹೊರಕವಚದಲ್ಲಿ ಎಲ್ಲಕ್ಕೂ 4 ಎಲೆಕ್ಟ್ರಾನ್, ಆದರೂ ಇಷ್ಟು ವ್ಯತ್ಯಾಸ!

ನಾನು ಅಂದುಕೊಂಡಿರುವುದು ಹೀಗೆ: ಬಲಕ್ಕೆ ಹೋದಂತೆ ಬೀಜಕೇಂದ್ರದ ಸೆಳೆತ ಜಾಸ್ತಿಯಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವುದು ಕಷ್ಟ, ಕೆಳಗೆ ಹೋದಂತೆ ಕವಚಗಳು ಹೆಚ್ಚಾಗಿ ಹೊರಗಿನ ಎಲೆಕ್ಟ್ರಾನ್ ದೂರವಾಗುವುದರಿಂದ ಬಿಟ್ಟುಕೊಡುವುದು ಸುಲಭ, ಈ ಎರಡೂ ಸೇರಿ ಗೆರೆ ಓರೆಯಾಗುತ್ತದೆ. ಸರಿ ಅಲ್ವಾ?

ಹಾಗಿದ್ದರೆ ಅಲ್ಯೂಮಿನಿಯಮ್ ಕತೆ ಏನು? ಮೇಲೆ ಬೋರಾನ್, ಪಕ್ಕದಲ್ಲಿ ಸಿಲಿಕಾನ್, ಗೆರೆಗೇ ಅಂಟಿಕೊಂಡಿದೆ, ಆದರೂ ಅದನ್ನು ಲೋಹ ಅಂತಲೇ ಎಣಿಸುತ್ತಾರೆ. ಅದರ ಆಕ್ಸೈಡ್ ಮಾತ್ರ ಆಮ್ಲದ ಜೊತೆಗೂ ಪ್ರತ್ಯಾಮ್ಲದ ಜೊತೆಗೂ ವರ್ತಿಸುತ್ತದೆ. ಅದು ಗೆರೆಯ ಪಕ್ಕ ಇರುವುದರ ಪ್ರಭಾವವೇ?

ಹೈಡ್ರೋಜನ್ ವಿಷಯ ಬಿಡಿ, ಅದು 1ನೇ ಗುಂಪಿನಲ್ಲಿ ಸುಮ್ನೆ ಕೂತಿರುವ ಅಲೋಹ. ಅದರ ಅಯಾನೀಕರಣ ಶಕ್ತಿ (ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ತೆಗೆಯಲು ಬೇಕಾದ ಶಕ್ತಿ) ಮೋಲ್‌ಗೆ 1312 ಕಿಲೋಜೂಲ್, ಕೆಳಗಿನ ಲಿಥಿಯಮ್‌ಗೆ ಬರೀ 520. ಅದು ಅರ್ಥವಾಗುತ್ತದೆ.

ಆದರೆ ಗ್ರಾಫೈಟ್ ಅಲೋಹವಾಗಿಯೂ ವಿದ್ಯುತ್ ಹರಿಸುತ್ತದಲ್ಲ, ಹಾಗಾದರೆ ಲೋಹ ಅನ್ನಲು ಕೊನೆಗೆ ಯಾವ ಗುಣವನ್ನು ನೋಡಬೇಕು? ಸುಮ್ನೆ ‘ಹೊಳಪು ಇರುತ್ತದೆ’ ಅನ್ನಬೇಡಿ, ಅಯೋಡಿನ್ ಹರಳೂ ಹೊಳೆಯುತ್ತದೆ.