ರೈಫಲ್ ‘ಗುರಿ ತಪ್ಪುವುದು’: ಎರಡು ದೋಷಗಳಿಗೆ ‘ನಿಖರತೆ’ ಎಂಬ ಒಂದೇ ಪದ ಸಾಕೇ?

ಬಲ್ಲವರ ಸಹಾಯ ಬೇಕಾಗಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿರುವ ನಾನು ಇಲ್ಲಿಯ ಜಿಂಕೆ ಬೇಟೆಯ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರದಿಂದ 9 ದಿನ ಇಲ್ಲಿ ಕೋವಿ ಬೇಟೆಯ ಕಾಲ. ಅದಕ್ಕೂ ಮೊದಲು ಬೇಟೆಗಾರರು ರೈಫಲ್ ಸರಿಯಿದೆಯೇ ಎಂದು ನೋಡಿಕೊಳ್ಳುತ್ತಾರೆ. ಬರಹದ ಆ ಭಾಗಕ್ಕೆ ಬಂದಾಗ ಪದ ಸಿಗದೆ ನಿಂತಿದ್ದೇನೆ.

ನಡೆದದ್ದನ್ನು ಹೇಳುತ್ತೇನೆ. ನೆರೆಮನೆಯ ರೈತರೊಬ್ಬರ ರೈಫಲ್ ಎಲ್ಲೆಲ್ಲಿಗೋ ಹೊಡೆಯುತ್ತಿತ್ತು. 100 ಗಜ ದೂರದಲ್ಲಿ ಕಾಗದ ಅಂಟಿಸಿ, ಮರಳು ಚೀಲದ ಮೇಲೆ ರೈಫಲ್ ಇಟ್ಟು ಮೂರು ಗುಂಡು ಹಾರಿಸಿದರು. ತೂತುಗಳು ಊಟದ ತಟ್ಟೆಯಷ್ಟು ಅಗಲಕ್ಕೆ ಚೆಲ್ಲಾಪಿಲ್ಲಿಯಾಗಿದ್ದವು. ಸ್ಕೋಪ್ (ಗುರಿ ನೋಡಲು ರೈಫಲ್ ಮೇಲೆ ಕೂರಿಸುವ ದುರ್ಬೀನು) ಹಿಡಿದಿಡುವ ಬಳೆಯ ತಿರುಪೊಂದು ಸಡಿಲವಾಗಿತ್ತು, ಬಿಗಿ ಮಾಡಿದರು. ಮತ್ತೆ ಹೊಡೆದಾಗ ಎರಡು ತೂತುಗಳು ಪಕ್ಕಪಕ್ಕದಲ್ಲಿ, ಮೂರನೆಯದು ಮೇಲೆ. ಆಗ ಅವರು ಒಂದು ಡಾಲರ್ ನೋಟನ್ನು ನಳಿಗೆ ಮತ್ತು ಅದರ ಕೆಳಗಿನ ಮರದ ನಡುವೆ ತೂರಿಸಿ ಹಿಂದಕ್ಕೆ ಎಳೆಯುತ್ತ ಹೋದರು. ನೋಟು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ತೇವಕ್ಕೆ ಮರ ಉಬ್ಬಿ ನಳಿಗೆಗೆ ತಗುಲುತ್ತಿತ್ತು. ಎರಡು ಈಡಿಗೆ (ಎರಡು ಸಲ ಗುಂಡು ಹಾರಿಸುವಷ್ಟರಲ್ಲಿ) ನಳಿಗೆ ಬಿಸಿಯಾಗುತ್ತದೆ, ಮರದ ಒತ್ತಡ ಬದಲಾಗುತ್ತದೆ, ಮೂರನೆಯ ಗುಂಡು ಬೇರೆ ದಾರಿ ಹಿಡಿಯುತ್ತದೆ. ಮರವನ್ನು ಒಂದಿಷ್ಟು ಉಜ್ಜಿದ ಮೇಲೆ ಮೂರೂ ತೂತುಗಳು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬಿದ್ದವು, ಆದರೆ ಗುರಿಯಿಂದ ನಾಲ್ಕು ಅಂಗುಲ ಬಲಕ್ಕೆ. ಸ್ಕೋಪಿನ ತಿರುಗಣೆಯನ್ನು ಕಟಕಟ ಎಂದು ಹದಿನಾರು ಸಲ ತಿರುಗಿಸಿದರು. ಒಂದೊಂದು ಕಟಕ್ಕಿಗೆ 100 ಗಜದಲ್ಲಿ ಸುಮಾರು ಕಾಲು ಅಂಗುಲ. ಕೆಲಸ ಮುಗಿಯಿತು.

ಇಲ್ಲಿ ಎರಡು ದೋಷಗಳಿವೆ. ಗುಂಡುಗಳೆಲ್ಲ ಒಟ್ಟಿಗೆ ಬಿದ್ದೂ ಗುರಿಯಿಂದ ಆಚೆ ಇರುವುದು ಒಂದು. ಅದು ಸ್ಕೋಪಿನ ತಿರುಗಣೆಗೆ ಬಗ್ಗುತ್ತದೆ. ಒಂದೊಂದು ಗುಂಡು ಒಂದೊಂದು ಕಡೆ ಬೀಳುವುದು ಇನ್ನೊಂದು. ಅದಕ್ಕೆ ತಿರುಪು, ಮರ, ನಳಿಗೆಯೊಳಗೆ ಅಂಟಿದ ಗುಂಡಿನ ತಾಮ್ರ, ಪೆಟ್ಟು ಬಿದ್ದ ನಳಿಗೆಯ ಬಾಯಂಚು, ಒಗ್ಗದ ತೋಟಾ (ಮದ್ದು, ಗುಂಡು ಸೇರಿದ ಕಾಡತೂಸು), ಹೊಡೆಯುವವರ ಕೈ ಹೀಗೆ ಎಲ್ಲವನ್ನೂ ತಡಕಬೇಕು. ಎರಡಕ್ಕೂ ‘ನಿಖರತೆ ಇಲ್ಲ’ ಎಂದು ಬರೆದರೆ ಓದುವವರು ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ‘ರೈಫಲ್ ಗುರಿ ತಪ್ಪುತ್ತಿದೆ’ ಎಂದರೂ ತೃಪ್ತಿಯಿಲ್ಲ. ಕನ್ನಡದಲ್ಲಿ ‘ಗುರಿ’ ಎಂದರೆ ಹೊಡೆಯಬೇಕಾದ ಜಾಗವೂ ಹೌದು, ಹೊಡೆಯುವವನ ಕೈಚಳಕವೂ ಹೌದು. ತಪ್ಪು ಮನುಷ್ಯನ ಮೇಲೆ ಹೋಗುತ್ತದೆ.

ಮಲೆನಾಡಿನ ನಮ್ಮ ಮನೆಯಲ್ಲಿ ಬೆಳೆ ಕಾಯಲು ಪರವಾನಗಿಯ ಕೋವಿ ಇತ್ತು. ನಳಿಗೆ, ಕುದುರೆ, ತೋಟಾ, ಈಡು, ಚರೆ (ಒಂದೇ ಈಡಿಗೆ ಒಟ್ಟಾಗಿ ಹಾರುವ ಸಣ್ಣ ಗುಂಡುಗಳು) ಎಲ್ಲ ನಾನು ಅಲ್ಲಿ ಕಲಿತ ಮಾತುಗಳು. ಕೋವಿಗೆ ಕರಾವಳಿಯಲ್ಲಿ ‘ಬೆಡಿ’ ಇದೆ (ತಮಿಳಿನ ‘ವೆಡಿ’ಯ ಒಡಹುಟ್ಟು), ಕೊಡವರಲ್ಲಿ ‘ತೋಕ್’ ಇದೆ. ಆದರೆ ನಾನು ಕಲಿತದ್ದೆಲ್ಲ ಒಳಮೈ ನುಣುಪಾದ ನಳಿಗೆಯ ಕೋವಿಯ ನುಡಿ. ಅಲ್ಲಿ ಚರೆ ಹರಡುವುದು ದೋಷವಲ್ಲ, ಹರಡಬೇಕೆಂದೇ ಚರೆ ತುಂಬುವುದು. ಹಾಗಾಗಿ ರೈಫಲ್ಲಿಗೆ ‘ಹರಡು’ ಒಪ್ಪುವುದಿಲ್ಲ ಎನಿಸುತ್ತದೆ. ‘ಚೆದುರು’ ಒಪ್ಪುತ್ತದೆ: ಹಿಂಡು ಚೆದುರಿತು, ಮೋಡ ಚೆದುರಿತು ಎನ್ನುವಾಗ ಒಟ್ಟಿಗಿದ್ದದ್ದು ಬೇರೆಯಾಯಿತು ಎಂಬ ಭಾವ ಅದರಲ್ಲಿದೆ.

ಸದ್ಯಕ್ಕೆ ನಾನು ಬರೆದುಕೊಂಡಿರುವುದು ಇಷ್ಟು. ಮೊದಲ ದೋಷಕ್ಕೆ ‘ಗುರಿ ಸರಿದಿದೆ’, ಎರಡನೆಯದಕ್ಕೆ ‘ಈಡು ಚೆದುರುತ್ತಿದೆ’. ತಿರುಗಣೆ ತಿರುಗಿಸಿ ಸರಿಪಡಿಸುವುದಕ್ಕೆ, ತಕ್ಕಡಿಯ ಮುಳ್ಳನ್ನು ನೇರಕ್ಕೆ ತರುವುದನ್ನು ನೆನೆದು, ‘ಗುರಿ ಕೂರಿಸುವುದು’. ಕಾಗದದ ಮೇಲೆ ಒತ್ತಾಗಿ ಬಿದ್ದ ತೂತುಗಳಿಗೆ ‘ಗುಂಪು’ ಎಂದರೆ ಜನ ನೆನಪಾಗುತ್ತಾರೆ; ‘ಗೊಂಚಲು’ ಎಂದು ಇಟ್ಟಿದ್ದೇನೆ. ‘ಬಿಗಿ ಗೊಂಚಲು’, ‘ಸಡಿಲ ಗೊಂಚಲು’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತವೆ? ‘ಈಡು’ ಎಂಬುದನ್ನು ಬಯಲುಸೀಮೆಯ ಓದುಗರು ಗುಂಡು ಹಾರಿಸಿದ್ದು ಎಂದೇ ತಿಳಿಯುತ್ತಾರೆಯೇ?

ಕೊಡಗಿನವರಲ್ಲಿ ಮುಖ್ಯವಾಗಿ ಒಂದು ಕೇಳಬೇಕು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಸಮಯದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯುವ ಸ್ಪರ್ಧೆ ನಡೆಯುತ್ತದೆಯಲ್ಲ, ಅಲ್ಲಿ ಕೈ ಪಳಗಿದವರ ಹೊಡೆತವೂ ಕೋವಿಯ ದೋಷದಿಂದಲೇ ತಪ್ಪಿದಾಗ, ಆ ಕೋವಿಯ ಬಗ್ಗೆ ಏನೆಂದು ಹೇಳುತ್ತಾರೆ?