ಪದಚರ್ಚೆ: ಕೆಟ್ಟ ಬಂದೂಕೋ, ಕೆಡಿಸಿದ ಬಂದೂಕೋ?

ಗೆಳೆಯರೇ, ತುಮಕೂರಿನಿಂದ ಒಂದು ಪದದ ಪ್ರಶ್ನೆ.

ಇಲ್ಲಿನ ಒಂದು ಶಾಲೆಯ ಉಗ್ರಾಣದಲ್ಲಿ ಎನ್‌ಸಿಸಿ ಹುಡುಗರು ಬಳಸುತ್ತಿದ್ದ ಹಳೆಯ ರೈಫಲ್‌ಗಳಿವೆ. ಯಾವುದು ಏನು, ಎಷ್ಟು ಬಾಳುತ್ತದೆ ಅಂತ ಕನ್ನಡದಲ್ಲಿ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ರಿಜಿಸ್ಟರಿನಲ್ಲಿ ಎಲ್ಲಕ್ಕೂ ಸೇರಿಸಿ ಒಂದೇ ಮಾತು: ‘ಕೆಟ್ಟ ತರಬೇತಿ ಬಂದೂಕು’. ಅಲ್ಲೇ ನನ್ನ ಪೆನ್ನು ನಿಂತಿತು.

ಒಂದನ್ನು ಕಿಟಕಿಯ ಬೆಳಕಿಗೆ ತಂದೆ. ಬ್ರಿಟಿಷರ ಕಾಲದ ಸೈನ್ಯದ ಲೀ ಎನ್‌ಫೀಲ್ಡ್ ರೈಫಲ್, ಹತ್ತಿರ ಹತ್ತಿರ 4 ಕಿಲೋ ತೂಕ. ಮರದ ಮೇಲೆ ಬಿಳಿ ಬಣ್ಣದ ಪಟ್ಟೆ. ಹಿಡಿಯ ಹತ್ತಿರದ ಕಬ್ಬಿಣದಲ್ಲಿ ಕಿರೀಟ, ಅದರ ಕೆಳಗೆ ದೊರೆ ಜಾರ್ಜನ ಗುರುತಾದ ಜಿಆರ್‌ಐ, ಬಂಗಾಳದ ಇಷಾಪುರ ಬಂದೂಕು ಕಾರ್ಖಾನೆಯ ಹೆಸರು, 1942ರ ಇಸವಿ. ಜೊತೆಗೆ ಡಿ.ಪಿ. ಎಂದು ಕುಟ್ಟಿದ್ದಾರೆ, ಅಂದರೆ ಕವಾಯತಿಗೆ ಮಾತ್ರ. ತೋಟಾ ಕೂರುವ ಜಾಗದಲ್ಲಿ ನಳಿಗೆಗೆ ಅಡ್ಡಲಾಗಿ ತೂತು ಕೊರೆದಿದ್ದಾರೆ. ತೆಂಗಿನ ಕಡ್ಡಿ ತೂರಿಸಿದೆ, ಆಚೆ ಕಡೆ ಬಂತು. ತೋಟಾವನ್ನು ಒಳಗೆ ತಳ್ಳುವ ಬೋಲ್ಟ್ ಎಳೆದು ನೋಡಿದರೆ ತೋಟಾಕ್ಕೆ ಬಡಿಯುವ ಸೂಜಿಯ ಮೊನೆಯೂ ಇಲ್ಲ, ಕತ್ತರಿಸಿದ್ದಾರೆ.

ಇದು ಕೆಟ್ಟದ್ದಲ್ಲ, ಕೆಡಿಸಿದ್ದು. ಹಾಲು ಕೆಟ್ಟಿತು, ಗಡಿಯಾರ ಕೆಟ್ಟಿತು ಅನ್ನುತ್ತೇವೆ, ಅಲ್ವಾ? ಅಲ್ಲಿ ಯಾರೂ ಬೇಕೆಂದು ಮಾಡಿದ್ದಿಲ್ಲ. ಕೆಟ್ಟದ್ದು ಅಂದರೆ ರಿಪೇರಿ ಮಾಡಿಸಬಹುದು ಅಂತಲೂ ಕೇಳಿಸುತ್ತದೆ. ಇದನ್ನು ರಿಪೇರಿ ಮಾಡಿಸಲೇಬಾರದು. ತೂತು ಮುಚ್ಚಿ ಹೊಡೆಯಲು ಹೋದರೆ ಹಿಡಿದವರ ಮುಖವೇ ಸುಟ್ಟೀತು. ‘ಕೆಡು’ ಜೊತೆ ಸೇರಿ ‘ಕೆಡಿಸು’ ಆಗಬೇಕಿದ್ದ ಒಂದು ‘ಇಸು’ ಬಿಟ್ಟುಹೋಗಿದ್ದಕ್ಕೆ ಇಷ್ಟು ಅರ್ಥ ಕೆಟ್ಟಿದೆ.

ಇನ್ನು ‘ತರಬೇತಿ’. ಅದೇ ಕಪಾಟಿನಲ್ಲಿ ಎರಡು ಪಾಯಿಂಟ್ ಟೂ ಟೂ ರೈಫಲ್‌ಗಳೂ ಇವೆ. ಅವುಗಳ ಗುಂಡು ಸುಮಾರು 5.6 ಮಿ.ಮೀ. ಅವೂ ತರಬೇತಿಯವೇ, ಆದರೆ ನಿಜವಾಗಿ ಗುಂಡು ಹಾರಿಸುತ್ತವೆ. ಅವುಗಳ ಬೆಲೆ ಕಟ್ಟುವಾಗ ನಳಿಗೆಯ ಒಳಗಿನ ಸವೆತ ನೋಡಬೇಕು, ಬೋಲ್ಟಿನ ನಂಬರೂ ಮೈಮೇಲಿನ ನಂಬರೂ ಒಂದೇನಾ ನೋಡಬೇಕು. ಡಿ.ಪಿ.ಗೆ ಆ ಲೆಕ್ಕ ನಡೆಯುವುದಿಲ್ಲ. ಅದರ ಬೆಲೆಯೆಲ್ಲ ಮುದ್ರೆ, ಇಸವಿ, ಹಳೆಯ ಮರ, ಹಿತ್ತಾಳೆಯಲ್ಲಿದೆ. ಚೆಂದ ಕಾಣಲಿ ಅಂತ ಉಜ್ಜಿ ಮುದ್ರೆ ಅಳಿಸಿದರೆ ಬೆಲೆಯೂ ಹೋಯಿತು. 1959ರ ಆಯುಧ ಕಾಯಿದೆ ಬಿಡಿಭಾಗಗಳನ್ನೂ ಆಯುಧದ ಲೆಕ್ಕಕ್ಕೇ ಸೇರಿಸುತ್ತದೆ. ಹಾಗಾಗಿ ಪಟ್ಟಿಯಲ್ಲಿ ಪದ ಹೆಚ್ಚುಕಮ್ಮಿಯಾದರೆ ಸುಮ್ನೆ ಬಿಡುವಂತಿಲ್ಲ.

ಸದ್ಯಕ್ಕೆ ನಾನು ಬರೆದಿರುವುದು: ಡಿ.ಪಿ.ಗೆ ‘ಕವಾಯತು ಬಂದೂಕು’, ಷರಾ ಕಾಲಮ್ಮಿನಲ್ಲಿ ‘ಕೆಡಿಸಿದ್ದು’. ಪಾಯಿಂಟ್ ಟೂ ಟೂಗೆ ‘ಗುರಿ ಬಂದೂಕು’. ‘ಡಮ್ಮಿ’ ಬೇಡ ಅನ್ನಿಸಿತು. ಡಮ್ಮಿ ಅಂದರೆ ಮೊದಲಿನಿಂದಲೂ ಸುಳ್ಳು ಬಂದೂಕು. ಇದು ಒಂದು ಕಾಲಕ್ಕೆ ನಿಜದ್ದೇ. ಕವಾಯತು ನನಗೆ ಇಷ್ಟವಾಗಲು ಇನ್ನೊಂದು ಕಾರಣವೂ ಇದೆ. ಕಾಯಿದೆ, ಕವಾಯತು ಎರಡೂ ಅರಬ್ಬಿಯ ಒಂದೇ ಪದದಿಂದ ಬಂದವು. ಮೊದಲನೆಯದು ಏಕವಚನ, ಎರಡನೆಯದು ಬಹುವಚನ.

ಕೋಲಾರ, ಚಿಂತಾಮಣಿ ಕಡೆಯವರು ದಯವಿಟ್ಟು ಹೇಳಿ. ನಿಮ್ಮಲ್ಲಿ ತೆಲುಗಿನ ಒಡನಾಟ ಜಾಸ್ತಿ, ‘ತುಪಾಕಿ’ ಇನ್ನೂ ಬಾಯಲ್ಲಿದೆಯಾ? ಹಾಗಿದ್ದರೆ ಗುಂಡು ಹಾರದ ತುಪಾಕಿಗೆ ಏನನ್ನುತ್ತೀರಿ? ಎನ್‌ಸಿಸಿಯಲ್ಲಿ, ಹೋಂಗಾರ್ಡಿನಲ್ಲಿ ಇದ್ದವರು ಆಗ ಆಡುತ್ತಿದ್ದ ಮಾತನ್ನೇ ಬರೆಯಿರಿ. ಬಂದೂಕಿನ ‘ಕುದುರೆ’ ನನಗೆ ಗೊತ್ತು. ಕುದುರೆ ಎಳೆದಾಗ ಹೋಗಿ ಬಡಿಯುವ ಆ ಸೂಜಿಗೂ ಒಂದು ಹೆಸರು ಬೇಕಾಗಿದೆ.